ಹೊಟ್ಟೆಯ ಹಸಿವು, ಮನಸ್ಸಿನ ಹಸಿವು

ಹಸಿದು ಬಂದವರಿಗೆ ಅನ್ನವಿಕ್ಕುವುದು ನಮ್ಮ ನಾಡಿನ ಬಹು ಹಳೆಯ ರೂಢಿ. ಮಠಗಳ ದಾಸೋಹದಲ್ಲಿಯೂ ಹಳ್ಳಿಯ ಮನೆಗಳ ಪಡಸಾಲೆಯಲ್ಲಿಯೂ ಅದು ಇಂದಿಗೂ ಉಳಿದು ಬಂದಿದೆ. ಆದರೆ ಹೊಟ್ಟೆ ಹಸಿಯದಿದ್ದರೂ ತಿನ್ನಬೇಕೆನಿಸುವ ಒಂದು ಸ್ಥಿತಿಯಿದೆ. ಅದರ ಕುರಿತು ನಾವು ಮಾತನಾಡುವುದು ಕಡಿಮೆ. ರಾತ್ರಿಯ ಊಟವಾಗಿ ಒಂದು ತಾಸು ಕಳೆಯುವಷ್ಟರಲ್ಲಿ ಕೈ ಚಕ್ಕುಲಿಯ ಡಬ್ಬಿಯನ್ನು ಹುಡುಕುತ್ತದೆ. ಮನೆಯಲ್ಲಿ ಮಾತಿಗೆ ಮಾತು ಬೆಳೆದ ದಿನ, ಎಲ್ಲರೂ ಮಲಗಿದ ಮೇಲೆ, ತಾಯಿಯೊಬ್ಬಳು ಅಡುಗೆಮನೆಯ ದೀಪವನ್ನೂ ಹಚ್ಚದೆ ಬೆಲ್ಲದ ಚೂರೊಂದನ್ನು ಬಾಯಿಗಿಡುತ್ತಾಳೆ. ಅದರ ಹಿಂದೆಯೇ ಮತ್ತೊಂದನ್ನು. ಪರೀಕ್ಷೆಯ ಭಯದಲ್ಲಿರುವ ವಿದ್ಯಾರ್ಥಿ ಪುಟ ತಿರುವಿದಂತೆಲ್ಲ ಪಕ್ಕದಲ್ಲಿರುವ ಚಿಪ್ಸಿನ ಪೊಟ್ಟಣ ಬರಿದಾಗುತ್ತದೆ. ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಮದುವೆಮನೆಯ ಮೂಲೆಯಲ್ಲಿ ಮಗನ ಕಣ್ಣು ತಪ್ಪಿಸಿ ಎರಡು ಜಿಲೇಬಿ ತಿಂದು ಬಾಯಿ ಒರೆಸಿಕೊಳ್ಳುತ್ತಾರೆ.

ಇವರಾರಿಗೂ ಆ ಹೊತ್ತಿನಲ್ಲಿ ಹೊಟ್ಟೆ ಹಸಿದಿರಲಿಲ್ಲ. ಒಬ್ಬರಿಗೆ ಸಮಾಧಾನ ಬೇಕಿತ್ತು, ಒಬ್ಬರಿಗೆ ಧೈರ್ಯ, ಇನ್ನೊಬ್ಬರಿಗೆ ಎಲ್ಲರಂತೆ ತಾನೂ ಒಬ್ಬನೆಂಬ ಭಾವ. ಇಂಥವರಿಗೆಲ್ಲ ನಮ್ಮ ಸಮಾಜ ಕೊಟ್ಟಿರುವ ಹೆಸರು ಒಂದೇ: ಬಾಯಿಚಪಲ. ಈ ಒಂದು ಶಬ್ದದಲ್ಲಿಯೇ ವಿಚಾರಣೆ, ತೀರ್ಪು, ಶಿಕ್ಷೆ ಮೂರೂ ಮುಗಿದು ಹೋಗುತ್ತವೆ. ಈ ತೀರ್ಪಿನಿಂದ ಯಾರ ಆರೋಗ್ಯವೂ ಸುಧಾರಿಸಿಲ್ಲ. ಬದಲಾಗಿ ಕದ್ದು ತಿನ್ನುವವರ ಸಂಖ್ಯೆ ಹೆಚ್ಚಿದೆ ಎಂಬುದು ನಮ್ಮ ಅಭಿಪ್ರಾಯ. ಬಯಕೆಯನ್ನು ಬೈದು ಗೆಲ್ಲಲಾಗದು. ಅದನ್ನು ಅರಿತರೆ ಅದರ ಬಲ ಕುಗ್ಗುತ್ತದೆ. ಆ ಅರಿವಿನ ಕ್ರಮವನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇಷ್ಟೊಂದು ಮನೆಗಳಲ್ಲಿ ದಿನವೂ ಊಟದ ಹೊತ್ತಿಗೆ 'ಇದನ್ನು ತಿನ್ನಬೇಡ' ಎಂಬ ಮಾತು ಕೇಳಿಬರುತ್ತದೆ. ಏನನ್ನು ತಿನ್ನಬಾರದು ಎಂಬ ಪಟ್ಟಿ ಬಹುತೇಕ ಎಲ್ಲರಿಗೂ ಬಾಯಿಪಾಠ. ತಿನ್ನಬೇಕೆಂಬ ತುಡಿತ ಎದ್ದಾಗ ಅದರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಮಾತ್ರ ಯಾರೂ ಕಲಿಸಿಲ್ಲ.

ಎರಡು ಹಸಿವುಗಳ ಲಕ್ಷಣ

ಹೊಟ್ಟೆಯ ಹಸಿವು ಮೆಲ್ಲನೆ ಬರುತ್ತದೆ. ಉಂಡು ಮೂರು ನಾಲ್ಕು ತಾಸು ಕಳೆದ ಮೇಲೆ ಹೊಟ್ಟೆ ಬರಿದಾದಂತೆ, ಮೈ ತುಸು ಬಳಲಿದಂತೆ ಅನಿಸುತ್ತದೆ. ರೊಟ್ಟಿ ಪಲ್ಯವಾದರೂ ಸರಿ, ಅನ್ನ ಸಾರಾದರೂ ಸರಿ, ಸಿಕ್ಕಿದ್ದರಿಂದ ಅದು ತಣಿಯುತ್ತದೆ. ತಣಿದ ಮೇಲೆ ಸಾಕೆನ್ನುತ್ತದೆ. ಮನಸ್ಸಿನ ಹಸಿವಿನ ರೀತಿ ಬೇರೆ. ಅದು ಥಟ್ಟನೆ ಬರುತ್ತದೆ. ಊಟವಾಗಿ ಅರ್ಧ ತಾಸಾಗಿದ್ದರೂ ಬರಬಲ್ಲದು. ಅದಕ್ಕೆ ಇಂಥದ್ದೇ ಬೇಕು: ಸಿಹಿಯೇ ಆಗಬೇಕು, ಇಲ್ಲವೆ ಖಾರವಾಗಿ ಕರಿದದ್ದೇ ಆಗಬೇಕು. ಅದರ ನೆಲೆ ಹೊಟ್ಟೆಯಲ್ಲಿಲ್ಲ. ಬಾಯಿಯಲ್ಲಿ, ಗಂಟಲಿನಲ್ಲಿ, ಕೆಲವೊಮ್ಮೆ ಬಿಗಿದ ಎದೆಯಲ್ಲಿ ಅದು ತೋರಿಕೊಳ್ಳುತ್ತದೆ. ತಿಂದು ಮುಗಿಸಿದ ಮೇಲೆ ತೃಪ್ತಿಯ ಬದಲು ನಾಚಿಕೆ ಉಳಿಯುತ್ತದೆ.

ಇವೆರಡನ್ನೂ ಬೇರ್ಪಡಿಸಲು ಒಂದು ಸುಲಭ ಪ್ರಶ್ನೆಯಿದೆ. ಈಗ ಒಂದು ಜೋಳದ ರೊಟ್ಟಿ, ಒಂದಿಷ್ಟು ಹೆಸರುಕಾಳಿನ ಪಲ್ಯ ಕೊಟ್ಟರೆ ಉಣ್ಣಬಲ್ಲೆನೆ? ಹೌದೆಂದಾದರೆ ಅದು ನಿಜವಾದ ಹಸಿವು, ಸಂಕೋಚವಿಲ್ಲದೆ ಉಣ್ಣಬೇಕು. 'ರೊಟ್ಟಿ ಬೇಡ, ಬರ್ಫಿಯೇ ಬೇಕು' ಎಂದು ಮನಸ್ಸು ಹೇಳಿದರೆ ಕೇಳುತ್ತಿರುವುದು ಹೊಟ್ಟೆಯಲ್ಲ ಎಂದು ತಿಳಿಯಬೇಕು.

ಈ ಎರಡನೆಯ ಹಸಿವು ಕಲ್ಪನೆಯಲ್ಲ, ನಟನೆಯೂ ಅಲ್ಲ. ಅದಕ್ಕೂ ದೇಹದಲ್ಲಿ ಬೇರುಗಳಿವೆ. ಹೊಟ್ಟೆ ಬರಿದಾದಾಗ ಜಠರದಿಂದ ಗ್ರೆಲಿನ್ ಎಂಬ ಹಾರ್ಮೋನು ಹೊರಟು ಮಿದುಳಿಗೆ ಹಸಿವಿನ ಸುದ್ದಿ ಮುಟ್ಟಿಸುತ್ತದೆ. ಜಪಾನಿನ ವಿಜ್ಞಾನಿಗಳು ಅದನ್ನು 1999ರಲ್ಲಿ ಗುರುತಿಸಿದರು. ಅದಕ್ಕೂ ಮೊದಲು, 1994ರಲ್ಲಿ, ಕೊಬ್ಬಿನ ಕೋಶಗಳಿಂದ ಹೊರಡುವ ಲೆಪ್ಟಿನ್ ಪತ್ತೆಯಾಗಿತ್ತು. ದೇಹದಲ್ಲಿ ಸಂಗ್ರಹ ಸಾಕಷ್ಟಿದೆ ಎಂಬ ಸುದ್ದಿ ಅದರದು. ಚಿಂತೆ ಬಹುಕಾಲ ಮುಂದುವರಿದಾಗ ಕಾರ್ಟಿಸಾಲ್ ಎಂಬ ಮತ್ತೊಂದು ಹಾರ್ಮೋನು ಏರಿಯೇ ನಿಂತು, ಸಿಹಿ ಮತ್ತು ಜಿಡ್ಡಿನ ತಿನಿಸುಗಳತ್ತ ಮನಸ್ಸನ್ನು ಎಳೆಯುತ್ತದೆ. ನಿದ್ದೆಗೆಟ್ಟರೂ ಇದೇ ಪಾಡು. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 12 ಮಂದಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ತಲಾ ನಾಲ್ಕೇ ತಾಸು ಮಲಗಿಸಿ ನೋಡಲಾಯಿತು. ಹತ್ತು ತಾಸು ಮಲಗಲು ಅವಕಾಶವಿದ್ದ ರಾತ್ರಿಗಳಿಗೆ ಹೋಲಿಸಿದಾಗ ಅವರ ಲೆಪ್ಟಿನ್ ಶೇ. 18ರಷ್ಟು ತಗ್ಗಿತ್ತು, ಗ್ರೆಲಿನ್ ಶೇ. 28ರಷ್ಟು ಏರಿತ್ತು. ಹಿಟ್ಟು, ಸಕ್ಕರೆಗಳಿಂದಾದ ತಿನಿಸುಗಳ ಆಸೆಯೂ ಹೆಚ್ಚಿತ್ತು. ಮಗುವಿನ ಆರೈಕೆಗೆಂದು, ರಾತ್ರಿ ಪಾಳಿಯ ದುಡಿಮೆಗೆಂದು, ರೋಗಿಯ ಶುಶ್ರೂಷೆಗೆಂದು ನಿದ್ದೆಗೆಡುವವರನ್ನು ಚಪಲಚಿತ್ತರೆಂದು ಜರಿಯುವ ಮುನ್ನ ಈ ಅಂಕಿಗಳನ್ನು ನೆನೆಯುವುದು ಒಳಿತು.

ಇದರ ಮೇಲೆ ಬಾಲ್ಯದ ಪಾಠವೂ ಸೇರುತ್ತದೆ. ಅಳುವ ಮಗುವಿನ ಕೈಗೆ ನಾವು ಬಿಸ್ಕತ್ತು ಕೊಡುತ್ತೇವೆ. ಪಾಸಾದರೆ ಪೇಡೆ, ಬಿದ್ದು ಮಂಡಿ ತರಚಿದರೆ ಸಕ್ಕರೆ. ಬೀಗರು ಬಂದರೆ ಹೋಳಿಗೆ, ಮುನಿಸು ತೀರಬೇಕಾದರೂ ಹೋಳಿಗೆ. ಇದು ಪ್ರೀತಿಯ ಭಾಷೆ; ಇದನ್ನು ನಿಂದಿಸುವುದು ನಮ್ಮ ಉದ್ದೇಶವಲ್ಲ. ಆದರೆ ನೋವಿಗೆ ಸಿಹಿಯೇ ಮದ್ದೆಂದು ಐದನೆಯ ವಯಸ್ಸಿನಲ್ಲಿ ಕಲಿತ ಮಿದುಳು ಐವತ್ತನೆಯ ವಯಸ್ಸಿನಲ್ಲಿಯೂ ಅದೇ ಮದ್ದನ್ನು ಕೇಳುತ್ತದೆ. ನಮ್ಮ ಭಾಷೆಯಲ್ಲಿ 'ಬಯಕೆ' ಎಂಬ ಶಬ್ದಕ್ಕೆ ಗೌರವದ ಒಂದು ಅರ್ಥವೂ ಇದೆ. ಬಸುರಿಗೆ ಬಯಕೆಯಾದರೆ ತವರಿನವರು ಬುತ್ತಿ ಕಟ್ಟಿಕೊಂಡು ಬಂದು ಬಯಕೆಯೂಟ ಉಣಿಸುತ್ತಾರೆ. ನಿನಗೇನು ಬೇಕೆಂದು ಕೂಡಿಸಿ ಕೇಳುತ್ತಾರೆ. ಅದೇ ಹೆಣ್ಣುಮಗಳು ಹತ್ತು ವರ್ಷಗಳ ನಂತರ, ಮನೆಗೆಲಸದ ಭಾರದಡಿ ಬಳಲಿ, ಸಂಜೆ ನಾಲ್ಕಕ್ಕೆ ಒಬ್ಬಳೇ ಕುಳಿತು ಏನನ್ನಾದರೂ ಬಾಯಾಡಿಸಿದರೆ ಅದು ಚಪಲವೆನಿಸಿಕೊಳ್ಳುತ್ತದೆ. ಏನು ಬೇಕೆಂದು ಕೇಳುವವರು ಆಗ ಯಾರೂ ಇರುವುದಿಲ್ಲ. ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಲು ಕಲಿಯುವುದೇ ಇಲ್ಲಿ ಹೇಳಲಿರುವ ಅಭ್ಯಾಸದ ತಿರುಳು.

ಬೈಗುಳವೂ ಶಿಕ್ಷೆಯ ಉಪವಾಸವೂ ಏಕೆ ಸೋಲುತ್ತವೆ

ಹೆಚ್ಚು ತಿಂದೆನೆಂಬ ನಾಚಿಕೆಯಲ್ಲಿ ಅನೇಕರು ಮರುದಿನ ಊಟವನ್ನೇ ಬಿಡುತ್ತಾರೆ. ವ್ರತದ ಉಪವಾಸದ ಮಾತು ಬೇರೆ. ಇದು ತನಗೆ ತಾನೇ ವಿಧಿಸಿಕೊಳ್ಳುವ ಶಿಕ್ಷೆ. ಬೆಳಗಿನ ಉಪಾಹಾರವಿಲ್ಲ, ಮಧ್ಯಾಹ್ನ ಬರಿ ಮಜ್ಜಿಗೆ. ಸಂಜೆಯ ಹೊತ್ತಿಗೆ ನಿಜವಾದ ಹಸಿವೂ ಮನಸ್ಸಿನ ಹಸಿವೂ ಒಟ್ಟಿಗೇ ಎದ್ದು ನಿಲ್ಲುತ್ತವೆ. ಅಂದಿನ ರಾತ್ರಿ ನಿನ್ನೆಗಿಂತ ಹೆಚ್ಚು ತಿನ್ನುವುದು ಬಹುಮಟ್ಟಿಗೆ ಖಚಿತ. ಮತ್ತೆ ನಾಚಿಕೆ, ಮತ್ತೆ ಉಪವಾಸ. ಗಾಣದೆತ್ತಿನಂತೆ ಮನುಷ್ಯ ಒಂದೇ ವೃತ್ತದಲ್ಲಿ ಸುತ್ತುತ್ತಾನೆ.

ಹೊಟ್ಟೆಗೆ ಕೊಡದೆ ದಂಡಿಸಿದಾಗ ಮನಸ್ಸು ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, 1944–45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆಯಿಂದಲೇ, 24 ವಾರಗಳ ಕಾಲ ಅರೆಹೊಟ್ಟೆಯ ಆಹಾರ ನೀಡಿದರು. ಯುದ್ಧದಲ್ಲಿ ಹಸಿದು ಬಳಲಿದ ಜನರನ್ನು ಮತ್ತೆ ಆರೋಗ್ಯಕ್ಕೆ ತರುವ ಬಗೆಯನ್ನು ಅರಿಯುವುದು ಅವರ ಗುರಿಯಾಗಿತ್ತು. ಆ ಯುವಕರಿಗೆ ಬರಬರುತ್ತ ಊಟದ ಹೊರತು ಬೇರೆ ಯೋಚನೆಯೇ ಉಳಿಯಲಿಲ್ಲ. ಕೆಲವರು ಅಡುಗೆಯ ಪುಸ್ತಕಗಳನ್ನು ಕೂಡಿಹಾಕತೊಡಗಿದರು. ಕನಸಿನಲ್ಲಿಯೂ ಅನ್ನ ಕಂಡರು. ಪ್ರಯೋಗ ಮುಗಿದು ಬೇಕಾದಷ್ಟು ಉಣ್ಣಲು ಬಿಟ್ಟಾಗ ಹೊಟ್ಟೆ ಬಿರಿಯುವಷ್ಟು ಉಂಡರೂ ಕೆಲವರಿಗೆ ಸಾಕೆನಿಸಲಿಲ್ಲ. ಅವರಾರೂ ಚಪಲಚಿತ್ತರಲ್ಲ, ಆರಿಸಿ ತಂದ ದೃಢಮನಸ್ಸಿನ ಯುವಕರು. ಹಸಿವನ್ನು ಬಹುಕಾಲ ಅದುಮಿಟ್ಟರೆ ಅದು ಮನಸ್ಸಿನೊಳಗೆ ಹೀಗೆ ಬೆಳೆಯುತ್ತದೆ.

ಯೋಚನೆಯನ್ನು ಅದುಮುವುದೂ ಹೀಗೆಯೇ. ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬಿಳಿಯ ಕರಡಿಯನ್ನು ನೆನೆಯಬೇಡಿ ಎಂದು ಜನರಿಗೆ ಹೇಳಲಾಯಿತು. ನೆನೆಯಬಾರದೆಂದು ಯತ್ನಿಸಿದಂತೆಲ್ಲ ಕರಡಿ ಮತ್ತೆ ಮತ್ತೆ ನೆನಪಿಗೆ ಬಂದಿತು. ಕರಡಿಯ ಜಾಗದಲ್ಲಿ ಬೆಳಗಾವಿಯ ಕುಂದಾವನ್ನೋ ಗೋಕಾಕದ ಕರದಂಟನ್ನೋ ಇಟ್ಟು ನೋಡಿದರೆ, 'ಇನ್ನು ಮೇಲೆ ಅದರ ಹೆಸರೂ ಎತ್ತುವುದಿಲ್ಲ' ಎಂಬ ಆಣೆ ಎರಡೇ ದಿನಕ್ಕೆ ಏಕೆ ಮುರಿಯುತ್ತದೆ ಎಂಬುದು ತಿಳಿಯುತ್ತದೆ.

ಅರಿವಿನ ಅಭ್ಯಾಸ

ಬಯಕೆಯನ್ನು ಅದುಮದೆ, ಅದು ಎಳೆದತ್ತ ಓಡದೆ, ಎದುರಿಗೆ ಕೂಡಿಸಿ ನೋಡುವುದು ಮೂರನೆಯ ದಾರಿ. ಉಣ್ಣುವಾಗ ಉಣ್ಣುವುದನ್ನೇ ಗಮನಿಸಬೇಕು ಎಂಬ ವಿವೇಕ ನಮಗೆ ಹೊಸದಲ್ಲ. ಪ್ರಸಾದವೆಂದು ಭಾವಿಸಿ ಸ್ವೀಕರಿಸುವವರು ಚೆಲ್ಲದೆ, ಅವಸರವಿಲ್ಲದೆ ಉಣ್ಣುವುದನ್ನು ನಾವು ಇಂದಿಗೂ ಕಾಣುತ್ತೇವೆ. ಆಧುನಿಕ ವೈದ್ಯವೂ ಇದನ್ನು ತನ್ನದಾಗಿಸಿಕೊಂಡಿದೆ. ಜಾನ್ ಕಬಟ್-ಜಿನ್ ಅವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ, ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಸಾವಧಾನದ ತರಬೇತಿಯನ್ನು ಆರಂಭಿಸಿದರು. ಅದರ ಮೊದಲ ಪಾಠಗಳಲ್ಲಿ ಒಂದು, ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ಅಗಿದು ತಿನ್ನುವುದು. ಮದ್ಯವ್ಯಸನಿಗಳ ಚಿಕಿತ್ಸೆಯಲ್ಲಿ ತೊಡಗಿದ್ದ ಅಲನ್ ಮಾರ್ಲಟ್ ಎಂಬ ಮನೋವಿಜ್ಞಾನಿ ಬಯಕೆಯನ್ನು ಸಮುದ್ರದ ಅಲೆಗೆ ಹೋಲಿಸಿದರು: ಅದು ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಸಮುದ್ರ ಕಾಣದ ಬಯಲುಸೀಮೆಯವರು ಮುಂಗಾರಿಗೆ ಮುಂಚಿನ ಅಡ್ಡಮಳೆಯನ್ನು ನೆನೆಯಬಹುದು. ಗುಡುಗು ಸಿಡಿಲಿನೊಡನೆ ಬಂದು ಜಗತ್ತೇ ಮುಳುಗಿತೆನ್ನಿಸುವ ಆ ಮಳೆ ಅರ್ಧ ತಾಸಿನಲ್ಲಿ ಹೊಳವಾಗುತ್ತದೆ. ಸೂರಿನಡಿ ನಿಂತು ಕಾಯುವುದಷ್ಟೇ ನಮ್ಮ ಕೆಲಸ.

ಕಾಯುವ ಕ್ರಮ ಹೀಗಿದೆ. ಕೈ ಡಬ್ಬಿಯತ್ತ ಹೋದ ಕ್ಷಣ ಒಮ್ಮೆ ನಿಲ್ಲಬೇಕು. ಡಬ್ಬಿಯನ್ನು ಕೆಳಗಿಟ್ಟು ಕುಳಿತುಕೊಳ್ಳಬೇಕು. ಮೂರು ಬಾರಿ ದೀರ್ಘವಾಗಿ ಉಸಿರು ಬಿಡಬೇಕು. ಕೊನೆಯ ಬಾರಿ ಉಂಡು ಎಷ್ಟು ಹೊತ್ತಾಯಿತೆಂದು ಕೇಳಿಕೊಳ್ಳಬೇಕು. ಬಹಳ ಹೊತ್ತಾಗಿದ್ದರೆ ಊಟವನ್ನೇ ಮಾಡಬೇಕು. ಇಲ್ಲವಾದರೆ, ಈಗ ಮನಸ್ಸಿನಲ್ಲಿರುವುದೇನು ಎಂದು ಹುಡುಕಿ ಅದಕ್ಕೊಂದು ಹೆಸರು ಕೊಡಬೇಕು: ಸಿಟ್ಟು, ಬೇಸರ, ಒಂಟಿತನ, ದಣಿವು, ಭಯ. 'ನನಗೆ ಏನೋ ಆಗುತ್ತಿದೆ' ಎಂಬುದಕ್ಕಿಂತ 'ಮಗಳು ಇಂದೂ ಫೋನು ಮಾಡಲಿಲ್ಲ, ಅದಕ್ಕೆ ಸಂಕಟವಾಗಿದೆ' ಎಂಬುದು ಹೆಚ್ಚು ಸ್ಪಷ್ಟ. ಕಾರಣ ಹೀಗೆ ತಿಳಿದಾಗ, ಅದಕ್ಕೆ ಚಕ್ಕುಲಿ ಉತ್ತರವಲ್ಲವೆಂಬುದೂ ತಾನಾಗಿ ತಿಳಿಯುತ್ತದೆ. ಆ ತುಡಿತ ಮೈಯಲ್ಲಿ ಎಲ್ಲಿದೆ, ಬಾಯಲ್ಲಿ ನೀರೂರುತ್ತಿದೆಯೆ, ಕೈ ಚಡಪಡಿಸುತ್ತಿದೆಯೆ ಎಂದು ಹತ್ತು ನಿಮಿಷ ಗಮನಿಸಬೇಕು. ಅನೇಕ ಸಲ ಅಷ್ಟರಲ್ಲಿಯೇ ಅದರ ಬಿರುಸು ಇಳಿದಿರುತ್ತದೆ.

ಇಳಿಯದಿದ್ದರೆ? ಆಗ ತಿನ್ನಬಹುದು. ನಮ್ಮ ಮಾತಿನ ಮುಖ್ಯ ಅಂಶವೇ ಇದು. ತಿನ್ನುವುದಾದರೆ ಬೆಳಕಿನಲ್ಲಿ, ಕುಳಿತು, ತಟ್ಟೆಯಲ್ಲಿಟ್ಟುಕೊಂಡು ತಿನ್ನಬೇಕು. ಡಬ್ಬಿಯಲ್ಲಿ ಕೈಯಿಟ್ಟು ತಿನ್ನುವವನಿಗೆ ಲೆಕ್ಕ ಸಿಗುವುದಿಲ್ಲ. ಎರಡು ಚಕ್ಕುಲಿಯನ್ನು ತಟ್ಟೆಗೆ ಹಾಕಿ ಡಬ್ಬಿಯ ಮುಚ್ಚಳ ಹಾಕಿ ಬಂದವನಿಗೆ ಸಿಗುತ್ತದೆ. ಮೊದಲ ತುತ್ತಿನ ರುಚಿಯನ್ನು ಪೂರ್ತಿಯಾಗಿ ಸವಿಯಬೇಕು. ಗಮನವಿಟ್ಟು ತಿನ್ನುವವರಿಗೆ ತಿಳಿಯುವ ಸಂಗತಿಯೆಂದರೆ, ಸಿಹಿಯ ಸುಖವೆಲ್ಲ ಬಹುಪಾಲು ಮೊದಲ ಕೆಲವು ತುತ್ತುಗಳಲ್ಲಿಯೇ ಇರುತ್ತದೆ. ಆಮೇಲಿನದು ಬರಿಯ ಕೈಯ ರೂಢಿ. ಇದನ್ನು ಯಾರೋ ಹೇಳಿ ನಂಬಿಸುವುದು ಬೇಡ. ಒಂದು ಪೇಡೆಯನ್ನು ನಾಲ್ಕು ಭಾಗ ಮಾಡಿ, ಒಂದೊಂದನ್ನೂ ನಿಧಾನವಾಗಿ ತಿಂದು, ನಾಲ್ಕನೆಯದರ ರುಚಿ ಮೊದಲನೆಯದರಷ್ಟೇ ಇದೆಯೆ ಎಂದು ಓದುಗರೇ ಪರೀಕ್ಷಿಸಬಹುದು.

ಊಟದ ಹೊತ್ತಿನಲ್ಲಿ ಟಿ.ವಿ.ಯನ್ನೂ ಮೊಬೈಲನ್ನೂ ದೂರವಿಡುವುದು ಇದೇ ಅಭ್ಯಾಸದ ಇನ್ನೊಂದು ಭಾಗ. ಈ ಕುರಿತು ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಗಮನ ಬೇರೆಡೆಯಿಟ್ಟು ಉಣ್ಣುವವರು ಆಗಲೂ ಹೆಚ್ಚು ಉಣ್ಣುತ್ತಾರೆ, ಮುಂದಿನ ಹೊತ್ತಿಗೆ ಇನ್ನೂ ಹೆಚ್ಚು ಉಣ್ಣುತ್ತಾರೆ ಎಂದು ತೋರಿಸಿತು. ಉಂಡದ್ದರ ನೆನಪು ಮನಸ್ಸಿನಲ್ಲಿ ಮೂಡದಿದ್ದರೆ ತೃಪ್ತಿಯೂ ನಿಲ್ಲದು. ಧಾರಾವಾಹಿ ನೋಡುತ್ತ ಉಂಡವರು ಏಳುವಾಗ ಪಲ್ಯ ಯಾವುದಿತ್ತೆಂದು ಕೇಳುವುದು ನಗೆಯ ಮಾತಲ್ಲ.

ಅನ್ನ ಚೆಲ್ಲಬಾರದೆಂಬ ಒಳ್ಳೆಯ ನಿಯಮವೂ ಕೆಲವೊಮ್ಮೆ ಹೊಟ್ಟೆಗೆ ಭಾರವಾಗುತ್ತದೆ. ಮಕ್ಕಳು ಬಿಟ್ಟದ್ದು, ಪಾತ್ರೆಯ ತಳದಲ್ಲಿ ಉಳಿದದ್ದು ಎಲ್ಲವೂ ತಾಯಿಯ ಪಾಲಿಗೇ ಬರುತ್ತದೆ. ನಿಯಮವನ್ನು ಮುರಿಯಬೇಕಾಗಿಲ್ಲ, ಅದನ್ನು ಪಾಲಿಸುವ ಹೊತ್ತನ್ನು ತುಸು ಮುಂದಕ್ಕೆ ತಂದರೆ ಸಾಕು. ಬೇಕಾದಷ್ಟೇ ಬೇಯಿಸುವುದು, ಬೇಕಾದಷ್ಟೇ ನೀಡಿಸಿಕೊಳ್ಳುವುದು, ಮಕ್ಕಳಿಗೆ ಮೊದಲು ಕಡಿಮೆ ಬಡಿಸಿ ಕೇಳಿದರೆ ಮತ್ತೆ ಬಡಿಸುವುದು. ಅನ್ನಕ್ಕೆ ಸಲ್ಲುವ ಗೌರವ ಅಲ್ಲಿಯೇ ಸಲ್ಲುತ್ತದೆ.

ಬುಡವನ್ನು ಗಟ್ಟಿ ಮಾಡದೆ ಈ ಅಭ್ಯಾಸ ನಿಲ್ಲದು ಎಂಬುದನ್ನೂ ಹೇಳಬೇಕು. ಹೊತ್ತಿಗೆ ಸರಿಯಾಗಿ ಊಟ, ಊಟದಲ್ಲಿ ಬೇಳೆ, ಕಾಳು, ಮೊಸರು, ಸೊಪ್ಪು, ರಾತ್ರಿ ಏಳು ತಾಸಿನಷ್ಟಾದರೂ ನಿದ್ದೆ. ಎಲ್ಲರಿಗೂ ಬಡಿಸಿ ಮಧ್ಯಾಹ್ನ ಮೂರಕ್ಕೆ ಉಳಿದದ್ದನ್ನು ಉಣ್ಣುವ ಹೆಣ್ಣುಮಕ್ಕಳಿಗೆ ಸಂಜೆಯ ತುಡಿತ ಬಂದರೆ ಅದು ಮನಸ್ಸಿನದಲ್ಲ, ನೇರ ಹೊಟ್ಟೆಯದೇ. ಅದಕ್ಕೆ ಧ್ಯಾನ ಮದ್ದಲ್ಲ, ಊಟವೇ ಮದ್ದು. ಚಹಾದ ಲೆಕ್ಕವನ್ನೂ ಒಮ್ಮೆ ನೋಡಬೇಕು. ಬೇಸರಕ್ಕೊಂದು, ಬಂದವರಿಗೊಂದು ಎಂದು ದಿನಕ್ಕೆ ಐದು ಕಪ್ಪು ಚಹಾ ಕುಡಿದರೆ, ಕಪ್ಪಿಗೆ ಎರಡು ಚಮಚದಂತೆ ಹತ್ತು ಚಮಚ ಸಕ್ಕರೆ, ಅಂದರೆ ಸುಮಾರು 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯಂತೆ, ಹೀಗೆ ಸೇರಿಸಿಕೊಳ್ಳುವ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಮಚದೊಳಗೆ ಇಳಿಸಿದರೆ ಹೆಚ್ಚು ಒಳಿತು. ಯಾವ ಕಪ್ಪು ಬಾಯಾರಿಕೆಯದು, ಯಾವುದು ಬೇಸರದ್ದು ಎಂದು ಗಮನಿಸಿದರೆ ಎರಡು ಕಪ್ಪು ತಾನಾಗಿಯೇ ಕಡಿಮೆಯಾಗಬಹುದು.

ಕಾಯಬಾರದ ಸಂದರ್ಭಗಳು

ಹತ್ತು ನಿಮಿಷ ಕಾಯುವ ಸಲಹೆ ಎಲ್ಲರಿಗೂ ಎಲ್ಲ ಹೊತ್ತಿಗೂ ಅನ್ವಯಿಸುವುದಿಲ್ಲ. ಮಧುಮೇಹಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಅಥವಾ ಕೆಲವು ಬಗೆಯ ಮಾತ್ರೆ ಸೇವಿಸುವವರಿಗೆ ಥಟ್ಟನೆ ಹಸಿವು, ಕೈನಡುಕ, ಬೆವರು, ಎದೆಬಡಿತ, ಕಣ್ಣು ಮಂಜಾಗುವಿಕೆ ಕಾಣಿಸಿಕೊಂಡರೆ ಅದು ರಕ್ತದ ಸಕ್ಕರೆ ಕುಸಿದಿರುವ ಸೂಚನೆ. ಅಲ್ಲಿ ಕ್ಷಣವೂ ತಡಮಾಡಬಾರದು. ಸಕ್ಕರೆ ಅಳೆಯುವ ಯಂತ್ರ ಕೈಯಳತೆಯಲ್ಲಿದ್ದರೆ ನೋಡಬೇಕು. 70 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ, ಯಂತ್ರವಿಲ್ಲದಿದ್ದರೆ ಲಕ್ಷಣಗಳನ್ನೇ ನಂಬಿ, ಸುಮಾರು 15 ಗ್ರಾಂ ಗ್ಲೂಕೋಸನ್ನು ಅಥವಾ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷದ ಬಳಿಕ ಮತ್ತೆ ನೋಡಿ, ಇನ್ನೂ ಏರದಿದ್ದರೆ ಇನ್ನೊಮ್ಮೆ ಕುಡಿಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸಿಹಿ ತಿಂದುದಕ್ಕೆ ಅಪ್ಪನನ್ನು ಗದರುವ ಮಕ್ಕಳು ಈ ಲಕ್ಷಣಗಳನ್ನು ಮೊದಲು ಕಲಿತಿರಬೇಕು.

ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನಬೇಕೆಂಬ ಬಯಕೆ ರಕ್ತಹೀನತೆಯಿರುವ ಮಹಿಳೆಯರಲ್ಲಿಯೂ ಮಕ್ಕಳಲ್ಲಿಯೂ ಕಂಡುಬರುತ್ತದೆ. ಇದಕ್ಕೆ ಬೈಗುಳದ ಬದಲು ರಕ್ತಪರೀಕ್ಷೆ ಮಾಡಿಸಬೇಕು. ಕಬ್ಬಿಣಾಂಶದ ಕೊರತೆ ಇರಬಹುದು.

ಇನ್ನೊಂದು ಸ್ಥಿತಿ ಹೆಚ್ಚು ಗಂಭೀರವಾದುದು. ಸ್ವಲ್ಪ ಹೊತ್ತಿನಲ್ಲಿ ಅತಿಯಾಗಿ ತಿನ್ನುವುದು, ಆಗ ತನ್ನ ಮೇಲೆ ತನಗೆ ಹಿಡಿತವೇ ಇಲ್ಲವೆನಿಸುವುದು, ಅವಸರದಿಂದ, ಒಬ್ಬರೇ, ಮರೆಯಲ್ಲಿ ತಿಂದು ಆಮೇಲೆ ತನ್ನನ್ನು ತಾನೇ ಹಳಿದುಕೊಳ್ಳುವುದು ಇವೆಲ್ಲ ವಾರಕ್ಕೊಮ್ಮೆಯಾದರೂ ನಡೆದು ಮೂರು ತಿಂಗಳು ಮುಂದುವರಿದರೆ ಅದೊಂದು ಕಾಯಿಲೆ. ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ಕೈಪಿಡಿಯಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಸೇರಿಸಿತು. ತಿಂದದ್ದನ್ನು ಬೇಕೆಂದೇ ವಾಂತಿ ಮಾಡಿಕೊಳ್ಳುವ ಯುವಜನರಿಗೂ ವೈದ್ಯರ ನೆರವು ತಡವಿಲ್ಲದೆ ಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ 2022ರ ಅಕ್ಟೋಬರ್‌ನಿಂದ ನಡೆಯುತ್ತಿದ್ದು, 14416 ಸಂಖ್ಯೆಗೆ ಕರೆ ಮಾಡಿದರೆ ಉಚಿತವಾಗಿ, ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮನೆಯವರು ಮಾಡಬೇಕಾದುದು

ಒಬ್ಬರ ತಟ್ಟೆಯ ಮೇಲೆ ಹತ್ತು ಕಣ್ಣುಗಳಿದ್ದರೆ ಅವರು ತಟ್ಟೆಯಲ್ಲಿ ಉಣ್ಣುವುದನ್ನು ಬಿಟ್ಟು ಮರೆಯಲ್ಲಿ ತಿನ್ನುತ್ತಾರೆ. ಮರೆಯಲ್ಲಿ ತಿಂದದ್ದು ವೈದ್ಯರಿಗೂ ತಿಳಿಯುವುದಿಲ್ಲ. ಸಕ್ಕರೆ ಏಕೆ ಇಳಿಯುತ್ತಿಲ್ಲವೆಂದು ಅವರು ಮಾತ್ರೆಯನ್ನು ಹೆಚ್ಚಿಸುತ್ತ ಹೋಗುತ್ತಾರೆ. ನಂಟರೆದುರು 'ಇವಳು ಎಷ್ಟು ದಪ್ಪಗಾಗಿದ್ದಾಳೆ ನೋಡಿ' ಎಂದು ನಗುವುದು, ಸೊಸೆಯ ತುತ್ತು ಎಣಿಸುವುದು, ಹಿರಿಯರ ಕೈಯಿಂದ ಲಾಡು ಕಸಿಯುವುದು ಕಾಳಜಿಯೆನಿಸಲಾರವು. ಕಾಳಜಿಯ ಮಾತು ಬೇರೆಯೇ ಇದೆ. 'ಯಾಕವ್ವ, ಇವತ್ತು ಬಹಳ ದಣಿದಂತಿದ್ದೀ, ಸ್ವಲ್ಪ ಕೂಡು ಬಾ' ಎಂಬ ಒಂದು ನುಡಿ ಅಡುಗೆಮನೆಯ ಕತ್ತಲಲ್ಲಿ ತಿನ್ನುವ ಬೆಲ್ಲದ ಅಗತ್ಯವನ್ನೇ ಇಲ್ಲವಾಗಿಸಬಹುದು. ಸಕ್ಕರೆ ಕಾಯಿಲೆಯವರ ಎದುರಿಗೆ ಮನೆಮಂದಿಯೆಲ್ಲ ಜಿಲೇಬಿ ತಿಂದು ಅವರೊಬ್ಬರಿಗೇ ಬೇಡವೆನ್ನುವುದಕ್ಕಿಂತ, ಎಲ್ಲರೂ ಕಡಿಮೆ ತಿಂದು ಅವರಿಗೂ ವೈದ್ಯರು ಒಪ್ಪಿದಷ್ಟನ್ನು ಕೂಡಿಸಿ ಕೊಡುವುದು ನ್ಯಾಯ. ಮನೆಯಲ್ಲಿ ಪೊಟ್ಟಣದ ತಿನಿಸನ್ನು ರಾಶಿ ಹಾಕದಿರುವುದೂ ಒಂದು ನೆರವೇ. ಸಕ್ಕರೆ, ಉಪ್ಪು, ಜಿಡ್ಡುಗಳನ್ನು ಅಳೆದು ಬೆರೆಸಿ, ಒಂದು ತಿಂದರೆ ಇನ್ನೊಂದು ಬೇಕೆನಿಸುವಂತೆ ತಯಾರಿಸಿದ ತಿನಿಸಿನೊಡನೆ ದಿನವೂ ಹೋರಾಡು ಎಂದು ಒಬ್ಬರನ್ನೇ ಬಿಡುವುದು ತರವಲ್ಲ.

ಇದೆಲ್ಲ ಹೊಟ್ಟೆ ತುಂಬಿದವರ ಚಿಂತೆ ಎಂದು ಕೆಲವರು ಹೇಳಬಹುದು. ಹಸಿದವರಿಗೆ ಮೊದಲು ಅನ್ನ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಐದು ರೂಪಾಯಿಯ ಕುರುಕಲು ಪೊಟ್ಟಣ ಇಂದು ತೀರ ಸಣ್ಣ ಹಳ್ಳಿಯ ಅಂಗಡಿಯಲ್ಲಿಯೂ ತೂಗಾಡುತ್ತಿದೆ. ದಿನಗೂಲಿಯ ತಾಯಿ ಅಳುವ ಮಗುವಿಗೆ ಅದನ್ನೇ ಕೊಡುತ್ತಾಳೆ. ಮಧುಮೇಹವೂ ಸಿರಿವಂತರ ಮನೆಗಷ್ಟೇ ಬರುವ ಕಾಯಿಲೆಯಾಗಿ ಉಳಿದಿಲ್ಲ. ಇಂದ್ರಿಯನಿಗ್ರಹ ಸಡಿಲವಾಗುವುದಿಲ್ಲವೆ ಎಂದು ಇನ್ನು ಕೆಲವರು ಕೇಳಬಹುದು. ತನ್ನ ಬಯಕೆಯ ಮೂಲವನ್ನು ಕಂಡು, ಹತ್ತು ನಿಮಿಷ ಅದರೊಡನೆ ಕುಳಿತು, ಬೇಕಾದಷ್ಟನ್ನು ತಿಂದು ಏಳುವವನ ನಿಗ್ರಹವು ಹಗಲೆಲ್ಲ ಉಪವಾಸವಿದ್ದು ರಾತ್ರಿ ಕದ್ದು ತಿನ್ನುವವನದಕ್ಕಿಂತ ಗಟ್ಟಿಯಾದುದು.

ಈ ಅಭ್ಯಾಸದಿಂದ ತಿಂಗಳೊಪ್ಪತ್ತಿನಲ್ಲಿ ಹತ್ತು ಕಿಲೋ ಇಳಿಯುತ್ತದೆಂದು ನಾವು ಹೇಳುವುದಿಲ್ಲ. ಸಾವಧಾನದ ತರಬೇತಿಯಿಂದ ಭಾವನೆಗಳಿಗೆ ಕಟ್ಟುಬಿದ್ದು ತಿನ್ನುವುದು ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರಗಳಿವೆ. ತೂಕ ಇಳಿಯುವ ವಿಷಯದಲ್ಲಿ ಫಲ ಎಲ್ಲರಲ್ಲಿಯೂ ಒಂದೇ ಬಗೆಯದಲ್ಲ. ವೈದ್ಯರು ಕೊಟ್ಟ ಮಾತ್ರೆ, ಪಥ್ಯ, ನಡಿಗೆಗಳಿಗೆ ಇದು ಬದಲಿಯೂ ಅಲ್ಲ. ಅವುಗಳನ್ನು ಬಹುಕಾಲ ಪಾಲಿಸಲು ಬೇಕಾದ ಮನಸ್ಸನ್ನು ಇದು ಹದಗೊಳಿಸುತ್ತದೆ. ಒಂದು ದಿನ ತಪ್ಪಿ ಹೆಚ್ಚು ತಿಂದರೆ ಮರುದಿನ ಉಪವಾಸ ಬೇಡ. ಮುಂದಿನ ಊಟವನ್ನು ಎಂದಿನಂತೆ, ಎಂದಿನ ಹೊತ್ತಿಗೆ ಮಾಡಿದರೆ ಸಾಕು. ಇಂದಿನಿಂದ ದಿನಕ್ಕೊಂದು ಹೊತ್ತಿನ ಊಟವನ್ನಾದರೂ ಓದುಗರು ಟಿ.ವಿ., ಮೊಬೈಲುಗಳಿಲ್ಲದೆ, ಕುಳಿತು, ರುಚಿಯನ್ನರಿತು ಉಣ್ಣಲಿ. ಮನೆಯವರಲ್ಲಿ ಯಾರಾದರೂ ಹೊತ್ತಲ್ಲದ ಹೊತ್ತಿನಲ್ಲಿ ಡಬ್ಬಿಯತ್ತ ಕೈ ಚಾಚಿದರೆ, ಬೈಯುವ ಮೊದಲು ಅವರ ಪಕ್ಕದಲ್ಲಿ ಒಂದು ಗಳಿಗೆ ಕುಳಿತುಕೊಳ್ಳಲಿ ಎಂದು ಆಶಿಸುತ್ತೇವೆ.